ಎಡಬಾಗಿಲ ಬಣ್ಣ

ಕಣ್ಣೂರಿನಿಂದ ಬಂದ ಮೊಯ್ದು ಕಾಕ
ಮೊದಲು ಕಾರಿಗೆ ಒಂದು ಸುತ್ತು ಹಾಕಿದರು,
ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ.
ಕಿಸೆಯಿಂದ ಬೆಂಕಿಪೊಟ್ಟಣದಷ್ಟು ಮೀಟರು ತೆಗೆದು
ಬಾನೆಟ್ಟಿಗೆ ಒತ್ತಿದರು, ಡಿಕ್ಕಿಗೆ ಒತ್ತಿದರು,
ಹಿಂದಿನ ಎಡಬಾಗಿಲಿಗೆ ಮೂರು ಸಲ ಒತ್ತಿ
‘ಇದು ಕಂಪನಿ ಪೈಂಟಲ್ಲವಲ್ಲಾ’ ಎಂದರು, ಮೆಲ್ಲಗೆ.
ಆದರೂ ಚೋಂದಮ್ಮನಿಗೆ ಕೇಳಿತು.

ಏಳು ವರ್ಷ ಹೇಳಿರಲಿಲ್ಲ.
ಕೆದಮುಳ್ಳೂರಿನಲ್ಲಿ ಅವಳ ತಮ್ಮನ ಮದುವೆಯ ರಾತ್ರಿ
ಅವಳ ಅಪ್ಪನ ಗೇಟಿನ ಕಲ್ಲುಕಂಬ
ಇದ್ದಲ್ಲೇ ಇತ್ತು; ನಾನಿರಲಿಲ್ಲ.
‘ಸರ್ವಿಸಿಗೆ ಮೈಸೂರು’ ಎಂದು ಮೂರು ದಿನ ನಡೆದಾಡಿದೆ.
ಅಲ್ಲಿ ಕೊಟ್ಟ ದುಡ್ಡಿಗೆ ಒಂದು ಹಸು ಬರುತ್ತಿತ್ತು, ಕರು ಸಮೇತ.
ಚೋಂದಮ್ಮ ನನ್ನತ್ತ ನೋಡಿದಳು.
ಅವಳ ಹತ್ತಿರವೂ ಒಂದು ಮೀಟರಿದೆ, ಬ್ಯಾಟರಿ ಬೇಡದ್ದು.

ಮೆಣಸಿಗೆ ಏಳುನೂರರ ಮೇಲೆ ಬೆಲೆ ಬಂದ ವರ್ಷ ಕೊಂಡಿದ್ದು.
ವಿರಾಜಪೇಟೆಯ ಗಡಿಯಾರ ಕಂಬದ ಹತ್ತಿರ ನಿಲ್ಲಿಸಿದರೆ
ಮಕ್ಕಳು ಅದರ ಗಾಜಿನಲ್ಲಿ ಹಲ್ಲು ನೋಡಿಕೊಳ್ಳುತ್ತಿದ್ದವು.
ಪರಿಚಯದವರು ನನ್ನ ಬದಲು ಕಾರನ್ನು ಮಾತಾಡಿಸುತ್ತಿದ್ದರು,
ಎಷ್ಟಕ್ಕೆ ಬಂತು, ಲೀಟರಿಗೆ ಎಷ್ಟು ಕೊಡುತ್ತದೆ.
ನಾನು ಪಕ್ಕದಲ್ಲಿ ನಿಂತು ಅದರ ಪರವಾಗಿ ಉತ್ತರಿಸುತ್ತಿದ್ದೆ.
ಒಪ್ಪಿಕೊಳ್ಳುತ್ತೇನೆ, ಹಿತವಾಗಿತ್ತು.

ಆದರೆ ಅದಕ್ಕೆ ನಮ್ಮ ತೋಟ ಅರ್ಥವಾಗಲೇ ಇಲ್ಲ.
ಪ್ರತಿ ಕಾಫಿ ರೆಂಬೆಗೂ ಬೀಪ್,
ಹುಲ್ಲಿಗೆ ಬೀಪ್, ನಾಯಿಯ ಬಾಲಕ್ಕೆ ಬೀಪ್,
ಒಂದು ಬೆಳಿಗ್ಗೆ ಬರೀ ಮಂಜಿಗೆ ಹೆದರಿ
ತಾನೇ ಬ್ರೇಕು ಹಾಕಿ ನಿಂತುಬಿಟ್ಟಿತು.
ಹಿಂದೆ ಜೀಪಿನಲ್ಲಿ ಕೆಲಸದವರನ್ನು ತುಂಬಿ ತರುತ್ತಿದ್ದ ಮೊಣ್ಣಪ್ಪ
ಇಳಿದು ಬಂದು ಕೇಳಿದ: ‘ಏನ್ ಭಾವ, ಆನೆಯಾ?’
ಆನೆ ಎಂದೆ.
ಮರ್ಯಾದೆ ಮುಚ್ಚಲು ಅದಕ್ಕಿಂತ ದೊಡ್ಡದು
ಆ ಹೊತ್ತಿಗೆ ಸಿಗಲಿಲ್ಲ.

ಲೆಕ್ಕ ಹಾಕಿದವಳು ಚೋಂದಮ್ಮ,
ಗೊಬ್ಬರದಂಗಡಿಯ ಕ್ಯಾಲೆಂಡರಿನ ಬೆನ್ನಿಗೆ:
ಒಂದು ಟಯರಿಗೆ ಮಗಳ ಹಾಸ್ಟೆಲ್ಲಿನ ಎರಡು ತಿಂಗಳು,
ಒಂದು ಹೆಡ್‌ಲೈಟಿಗೆ ಬಾವಿಯ ಹೊಸ ಪಂಪು.
ಇನ್ಶೂರೆನ್ಸಿನ ಎದುರು ಏನೂ ಬರೆದಿರಲಿಲ್ಲ,
ಪೆನ್ನು ಒತ್ತಿದ ತೂತೊಂದಿತ್ತು.

ಈಗ ಬಂದಿರುವುದು ಪುಟ್ಟದು. ಹ್ಯಾಚ್‌ಬ್ಯಾಕು.
ಕಂಪನಿಯವರು ಬಣ್ಣಕ್ಕೆ ಇಟ್ಟ ಹೆಸರು ನನ್ನ ನಾಲಿಗೆಗೆ ಹೊರಳದು;
ಫೋಟೊ ನೋಡಿದ ದೇಚು ಹಾಸ್ಟೆಲ್ಲಿನಿಂದ
ಒಂದೇ ಮಾತಲ್ಲಿ ಮುಗಿಸಿದಳು: ಪಪ್ಪಾಯಿ.
ಹಿಂದಿನ ಗಾಜಿಗೆ ತಿರುಗಿಸುವ ಹಿಡಿಕೆ.
ಪೆರುಂಬಾಡಿ ಏರಿನಲ್ಲಿ ಎ.ಸಿ. ಆರಿಸಬೇಕು.
ಆರಿಸಿ ಗಾಜಿಳಿಸಿದರೆ ಜೀರುಂಡೆ ಒಳಗೇ ಕೂತು ಕಿವಿ ಕೊರೆಯುತ್ತದೆ,
ಯಾರದೋ ಅಡುಗೆಮನೆಯ ಹಂದಿ ಮಾಂಸ
ಕಾಚಂಪುಳಿಯ ಸಮೇತ ಮೂಗಿಗೆ ಬರುತ್ತದೆ.

ಮೊದಲ ವಾರವೇ ಒಂದು ಮದುವೆ.
ಸಮಾಜದ ಗೇಟಿನಲ್ಲಿ ಪಾರ್ಕಿಂಗಿನ ಹುಡುಗ
ಹಿಂದಕ್ಕೆ ಕೈ ತೋರಿಸಿದ, ಗ್ಯಾಸ್ ಸಿಲಿಂಡರುಗಳ ಕಡೆ.
ಇವನೇ ನನಗೆ ಮಾವಿನ ನೆರಳು ಕಾದಿರಿಸುತ್ತಿದ್ದವನು.
ಕುಪ್ಯದೊಳಗೆ ಬೆವರುತ್ತ ಏನೋ ಹೇಳಹೊರಟೆ.
‘ಊಟಕ್ಕೆ ಹತ್ತಿರವಾಯಿತು’ ಎಂದು ಚೋಂದಮ್ಮ ಇಳಿದಳು.
ಕಲ್ಲುಕಂಬದ ಮಾತು ಅವಳು ಇನ್ನೂ ಎತ್ತಿಲ್ಲ.
ಎತ್ತಿದ್ದರೆ ವಾಸಿಯಿತ್ತು.

ಹಳೆಯದನ್ನು ಒಯ್ದ ಸಂಜೆಯೇ
ಇರಿಟ್ಟಿಯಿಂದ ಮೊಯ್ದು ಕಾಕನ ಫೋನು:
‘ಸ್ಟಿಯರಿಂಗಿನ ಕೆಳಗೆ ಒಂದು ಕಟ್ಟು ಒಣ ಭತ್ತ ಉಂಟು,
ದೇವರದ್ದಾ? ಎಸೆಯಬಾರದ್ದಾ?’
ಪುತ್ತರಿಯ ಕದಿರು. ಕಟ್ಟಿದವನು ನಾನೇ, ಮರೆತವನೂ.
ಮರುದಿನ ಕಣ್ಣೂರು ಬಸ್ಸಿನ ಕಂಡಕ್ಟರು
ಮಲಯಾಳ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಕೊಟ್ಟು
ದುಡ್ಡು ಕೇಳದೆ ಬೆಲ್ಲು ಹೊಡೆದ.

ಅದೀಗ ಪಪ್ಪಾಯಿಯ ಕನ್ನಡಿಗೆ ತೂಗುತ್ತದೆ,
ಹೊಂಡಕ್ಕೊಂದೊಂದು ಕಾಳು ಉದುರಿಸುತ್ತ.
ಇವತ್ತು ಗುಡಿಸೋಣವೆಂದು ಬಾಗಿಲು ತೆರೆದಿಟ್ಟು
ಪೊರಕೆ ತರಲು ಹೋದೆ.
ಬರುವಷ್ಟರಲ್ಲಿ ಬಿಳಿಹೇಟೆ ಒಳಗೆ ಹತ್ತಿ
ಕ್ಲಚ್ಚಿನ ಬುಡದಲ್ಲಿ ಹೆಕ್ಕುತ್ತಿತ್ತು.
ಯಾವ ಬೀಪೂ ಇಲ್ಲ.
ಪೊರಕೆ ಹಿಡಿದು ಹೊರಗೆ ನಿಂತೆ,
ಅದರ ಕೆಲಸ ಮುಗಿಯಲೆಂದು.