ಅಲ್ಪವಿರಾಮದ ಆಚೆ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ
ಚಾಪೆಲಿನ ಮಹಡಿಯ ಕೋಣೆ, ಮಂಗಳವಾರ, ಸಂಜೆ ಏಳು.
ಎಷ್ಟು ತೊಳೆದರೂ ಬೆರಳ ಸಂದಿಯಲ್ಲಿ
ಹ್ಯಾಡಕ್ ಮೀನಿನ ವಾಸನೆ ಉಳಿದವರು, ಹನ್ನೊಂದು ಜನ,
ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಮಡಚಿ.

ಮಾವಿಸ್ ಟಾಸ್ಕರ್ ಬೋರ್ಡಿನ ಎಡಕ್ಕೆ ಒಂದು ಇಫ್ ಬರೆದಳು,
ಬಲಕ್ಕೆ ಸರಿದು ಒಂದು ವುಡ್,
ನಡುವೆ ಅಲ್ಪವಿರಾಮ,
ಬಾಗಿಲಿಗೆ ಚಿಲಕ ಇಟ್ಟ ಹಾಗೆ.

ನಡೆದದ್ದಕ್ಕೆ ಒಂದು ಭೂತ ಸಾಕು.
ನಡೆಯದೇ ಹೋದದ್ದಕ್ಕೆ ಈ ಭಾಷೆಯಲ್ಲಿ ಬೇರೆ ಕಾಲವಿಲ್ಲ,
ಭೂತದ ಬೆನ್ನ ಹಿಂದೆ
ಇನ್ನೊಂದು ಭೂತವನ್ನು ನಿಲ್ಲಿಸಬೇಕು.

ವುಡ್ ಎಂಬುದರ ಹೊಟ್ಟೆಯಲ್ಲೊಂದು ಎಲ್.
ಬರೆಯಲೇಬೇಕು, ಉಚ್ಚರಿಸಕೂಡದು.
ಯಾಕೆ, ಎಂದಳು ದನೂತೆ.
ಒಂದು ಕಾಲಕ್ಕೆ ಉಚ್ಚರಿಸುತ್ತಿದ್ದರು, ಎಂದಳು ಮಾವಿಸ್.
ಆಮೇಲೆ ಬಿಟ್ಟರು. ಕುರ್ಚಿ ಮಾತ್ರ
ಮೇಜಿನಿಂದ ತೆಗೆಯಲಿಲ್ಲ.

ಎದ್ದು ನಿಂತ ಅಡೆಲಿನೊ:
ಮೀನು ಓದು ಬರಹ ಕಲಿತಿದ್ದರೆ
ನಾನು ಡಬ್ಬಿಯೊಳಗೆ ಇರುತ್ತಿದ್ದೆ!
ಎಲ್ಲ ನಕ್ಕರು. ವ್ಯಾಕರಣ ಸರಿಯಿತ್ತು.

ಆದರೆ ಹೋದರೆ ಹತ್ತಿ ಬೆಳೆದರೆ
ಅಜ್ಜಿಗೊಂದು ಸೀರೆ, ಅನ್ನುತ್ತೇವೆ ನಾವು.
ನಮಗೆ ಈ ರೆ ಬಾಲ, ಇವರಿಗೆ ತಲೆ.
ನಮ್ಮ ಗಾದೆಯ ಹತ್ತಿ ಇನ್ನೂ ಬೆಳೆಯಬಹುದು.
ಈ ಪಾಠ ಬೇರೆ. ಇಲ್ಲಿ ಮಗ್ಗ ಮಾರಿಯಾಗಿದೆ,
ಅಜ್ಜಿಯೂ ಇಲ್ಲ.

ಮಾವಿಸಳ ಅಮ್ಮ ಹನ್ನೆರಡಕ್ಕೇ ಶಾಲೆ ಬಿಟ್ಟವಳು.
ಇದೊಂದು ಮಾತ್ರ ಬಾಯಿಪಾಠ.
ಮೂವತ್ತು ವರ್ಷ, ಬಟ್ಟಲು ಒರೆಸುತ್ತ,
ಹ್ಯಾಡ್ ಅನ್ನು ನುಂಗಿ, ವುಡ್ ಹ್ಯಾವ್ ಅನ್ನು ವುಡಾ ಮಾಡಿ,
ಹಲ್ಲುನೋವೆಂದು ಆ ಕ್ಲೆಗ್ ಹುಡುಗ
ಹಡಗಿಂದ ಇಳಿಯದೆ ಇದ್ದಿದ್ದರೆ
ನಮ್ಮ ವಿಲ್ಫ್ ಹತ್ತುತ್ತಲೇ ಇರಲಿಲ್ಲ.
ಅಟ್ಟ ಮೇಲೆ ಉರಿಯುವ ಒಲೆ,
ಮೂವತ್ತು ವರ್ಷ ಆರಲೇ ಇಲ್ಲ.

ಹಡಗು ಹೊರಟ ದಿನ ಮನೆಯಲ್ಲಿ ಬಟ್ಟೆ ಒಗೆಯಬಾರದು,
ಒಗೆದರೆ ಹೋದವನನ್ನು ನೀರು ಒಗೆಯುತ್ತದೆ.
ಆ ಬೀದಿಯ ಹೆಂಗಸರೆಲ್ಲ ಬಲ್ಲರು.
ಅಮ್ಮ ಆ ದಿನ ಒಂದು ಕರವಸ್ತ್ರವನ್ನೂ ನೆನೆಸಿರಲಿಲ್ಲ.
ಒಂಬತ್ತರ ಮಾವಿಸ್ ಹಿತ್ತಿಲಲ್ಲಿ ಕೂತು
ಗೊಂಬೆಯ ಲಂಗ ಒಗೆದಳು.
ಸೀಗಡಿಯಷ್ಟು ಲಂಗ. ಕೆಂಪು ಅಂಚು.
ಬೇಲಿಗೆ ಒಣಹಾಕಿ, ಹೆದರಿ,
ಒದ್ದೆಯನ್ನೇ ಮತ್ತೆ ತೊಡಿಸಿದಳು.

ಈ ವಾಕ್ಯವನ್ನು ಅವಳು ಇಂದಿಗೂ
ಯಾರೆದುರೂ ಆಡಿಲ್ಲ. ಬೇರೆಯವರ ವಾಕ್ಯಗಳನ್ನು
ಇಪ್ಪತ್ತಾರು ವರ್ಷ ತಿದ್ದಿದ್ದಾಳೆ.

ಕೊನೆಯ ಸಾಲಿನಲ್ಲಿ ಹಬ್ತೋಮ್. ನಗದವನು.
ಮಸಾವಾದಿಂದ ಹೊರಟು ಎರಡು ಸಮುದ್ರ ದಾಟಿದವನು,
ದಾಟುವಾಗ ಇಬ್ಬರು.
ಅವನ ಪುಸ್ತಕದಲ್ಲಿ ಅರ್ಧ ಸಾಲು:
ತಂಗಿಯ ತೋಳು ನಾನು ಬಿಡದೆ ಹಿಡಿದಿದ್ದರೆ,
ಅಲ್ಪವಿರಾಮದ ಆಚೆ ಬರಿ ಬಿಳಿ,
ಪುಟದ ಅಂಚಿನವರೆಗೆ.

ಈಚೆ ಒಂದು ತಪ್ಪಿತ್ತು.
ಇಫ್ ಇರುವ ಮನೆಯಲ್ಲಿ ಅವನು ವುಡ್ ಕೂರಿಸಿದ್ದ.
ಕೂಡದು. ಅದರ ಜಾಗ ಆಚೆ.
ಈಗ ತಾನೇ ಹೇಳಿಕೊಟ್ಟ ನಿಯಮ.

ಮಾವಿಸ್ ಕೆಂಪು ಪೆನ್ನಿನ ಮುಚ್ಚಳ ತೆಗೆದಳು.
ಮುಚ್ಚಿದಳು.
ಮತ್ತೆ ತೆಗೆದು ವುಡ್ ಹ್ಯಾವ್ ಹೊಡೆದು
ಮೇಲೆ ಸಣ್ಣಗೆ ಹ್ಯಾಡ್ ಎಂದು ಬರೆದಳು.
ಆ ಸಾಲಿನಲ್ಲಿ ತಿದ್ದಲು ಆಗುವಂಥದ್ದು
ಅದೊಂದೇ ಇತ್ತು.
ಬಿಳಿಯನ್ನು ಮುಟ್ಟಲಿಲ್ಲ.

ಈಗ ಸರಿಯೇ, ಎಂದ ಹಬ್ತೋಮ್.
ವಾಕ್ಯವೇ, ಎಂದಳು.
ಹೂಂ, ವಾಕ್ಯ.

ಕೆಳಗೆ ಯಾರೋ ಬಾಗಿಲು ಹಾಕಲು ಕಾದಿದ್ದರು.
ಬೋರ್ಡು ಒರೆಸುವಾಗ ಅವಳ ಕೈ
ವುಡ್‌ನ ನಡುವೆ ನಿಂತಿತು ಸ್ವಲ್ಪ ಹೊತ್ತು,
ಯಾರೂ ಓದದ ಆ ಒಂದು ಅಕ್ಷರದ ಮೇಲೆ.