ಕೊನೆಯ ಇಲಿಯಿಂದ ಸೊನ್ನೆಯವರೆಗೆ

ಜಂಗಮಕೋಟೆ ದಾಟಿ ಎಡಕ್ಕೆ, ತಗಡು ಹೊದಿಸಿದ ಹುಳುಮನೆ.
ಪಿಳ್ಳಾಂಜಿನಪ್ಪನ ಕಾಲರಿಗೆ ನನ್ನ ಪಂಪಿನ ನಳಿಕೆ ಸಿಕ್ಕಿಸಿದೆ.
ನೊಣದಂತೆ ಗುಂಯ್‌ಗುಟ್ಟಿತು.
"ಇದು ನನ್ನ ಬದ್ಲು ಉಸಿರಾಡ್ತದಾ?"
ಬದಲಲ್ಲ, ಜೊತೆಗೆ, ಅಂದೆ.

ಡ್ರಮ್ಮಿನ ನೀರಿಗೆ ಅಳತೆಯ ಫಾರ್ಮಲಿನ್.
ಅಳತೆಯೆಂದರೆ ಅವನ ಬಲಗೈಗೆ ಗೊತ್ತಿರುವ ಹಳೇ ಎಣ್ಣೆಡಬ್ಬಿ.
ಗೋಡೆ, ತಟ್ಟೆ, ಚಂದ್ರಿಕೆ, ಸೂರಿನ ಸಂದಿ,
ಹೋದ ಬೆಳೆಯ ಹಾಲುರೋಗ ಅಡಗಿರಬಹುದಾದಲ್ಲೆಲ್ಲ
ಕಣ್ಣು ಉರಿಸುವ ಮಂಜು.
ಒಂದು ದಿನ ಬಾಗಿಲು ಜಡಿದು, ಆಮೇಲೆ ತೆರೆದಿಟ್ಟು,
ವಾಸನೆ ಹೋಯಿತೇ ಎಂದು ಮೂಗಿಟ್ಟು ನೋಡಿಯೇ
ಚಾಕಿ ಹುಳು ತರುವುದು. ಹಸುಗೂಸಿಗಿಂತ ಸೂಕ್ಷ್ಮ ಅವು.
ಮೂಗಿಟ್ಟು ನೋಡುವವನೂ ಅವನೇ.

ನನ್ನ ನಮೂನೆ ಎಪ್ಪತ್ತು ಕೇಜಿಯ ಮನುಷ್ಯನನ್ನು ಕೇಳುತ್ತದೆ.
ಸೊಪ್ಪು ತೂಗುವ ತಕ್ಕಡಿ ಹತ್ತಿ ನಿಂತ: ನಲವತ್ತೊಂಬತ್ತು.
ಎಪ್ಪತ್ತು ವರ್ಷ ಬದುಕುವವನನ್ನೂ ಕೇಳುತ್ತದೆ.
ಅದಕ್ಕೆ ತಕ್ಕಡಿ ಇರಲಿಲ್ಲ.
ವರ್ಷಕ್ಕೆ ನಲವತ್ತು ದಿನ, ದಿನಕ್ಕೆ ಆರು ಗಂಟೆ,
ಇಪ್ಪತ್ತೆರಡು ವರ್ಷ, ದೊಡ್ಡ ಮಗಳು ಹುಟ್ಟಿದ ಬೆಳೆಯಿಂದ.
ಬೀಡಿ?
"ಬಿಟ್ಟೆ ಅಂತ ಬರ್ಕಳಿ."

ಮೂರು ವಾರಕ್ಕೆ ಪ್ರಯೋಗಾಲಯದ ಅಂಕಿ ಬಂತು.
ಶಿಡ್ಲಘಟ್ಟದ ಲಾಡ್ಜಿನಲ್ಲಿ ಕೂತೆ. ಕಿಟಕಿಯಾಚೆ
ಬೇಯುವ ಗೂಡಿನ ನಾತ, ರಾಟೆಗಳ ಸದ್ದು.
ಅಡ್ಡಗೆರೆಯ ಮೇಲೆ ಎಷ್ಟು ಒಳಗೆ ಹೋಯಿತು,
ನಿಂತ ಗೆರೆಯ ಮೇಲೆ ಎಷ್ಟು ಮಂದಿಗೆ ಗಂಟು.
ಮೇಲ್ತುದಿಯಲ್ಲಿ ಇಲಿಗಳು.
ಬಾಯಲ್ಲಿ ಉಸಿರಾಡಲು ಬಾರದ, ಗಾಜಿನ ಪೆಟ್ಟಿಗೆಯ ಇಲಿಗಳು.
ಅತಿ ಹೆಚ್ಚು ಎಳೆದುಕೊಂಡವುಗಳ ಮೂಗಿನೊಳಗೆ ಹುಣ್ಣು ಅರಳಿದ್ದು
ಯಾವನೋ ಸೂಕ್ಷ್ಮದರ್ಶಕದಲ್ಲಿ ಎಣಿಸಿದ್ದಾನೆ.
ಕೆಳಗಿಳಿದಂತೆ ಚುಕ್ಕಿ ವಿರಳ.
ಕೊನೆಯ ಇಲಿ ದಾಟಿದ ಮೇಲೆ ಕಾಗದ ಬರಿದು.

ಅಲ್ಲಿಂದ ಸೊನ್ನೆಗೆ ಪಟ್ಟಿ ಇಟ್ಟು ನೆಟ್ಟಗೆ ಗೆರೆ ಎಳೆಯುತ್ತೇವೆ.
ಹೊಸ್ತಿಲೊಂದು ಇರಬಹುದು ಅನ್ನುವವರಿದ್ದಾರೆ,
ಅದರ ಕೆಳಗೆ ದೇಹ ತನ್ನ ಹರಿದದ್ದನ್ನು ತಾನೇ ಹೊಲಿದುಕೊಳ್ಳುತ್ತದೆಂದು.
ಇರಬಹುದು. ಕಂಡವರಿಲ್ಲ.
ಕಾಣದ ಹೊಸ್ತಿಲನ್ನು ಇದೆಯೆಂದು ನಂಬಿ
ಬೇರೊಬ್ಬನನ್ನು ದಾಟಲು ಕಳಿಸುವ ಧೈರ್ಯ ನನಗಿಲ್ಲ.
ಉತ್ತರ: ಲಕ್ಷಕ್ಕೆ ಹನ್ನೊಂದು.
ಇದಕ್ಕಿಂತ ಹೆಚ್ಚಿರಲಾರದು, ಸೊನ್ನೆಯೂ ಇದ್ದೀತು,
ಎಂದು ಕೆಳಗೆ ಸಣ್ಣಕ್ಷರದಲ್ಲಿ.

ಬೆಳಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಸಿಕ್ಕಿದ.
ಹಾಳೆ ತೋರಿಸಿದೆ.
"ಇದ್ರಾಗೆ ನಾನೆಲ್ಲಿದೀನಮ್ಮ?"
ಪೆನ್ನಿನ ಮೊನೆ ಇಟ್ಟೆ, ಮೂಲೆಗೆ ತೀರ ಹತ್ತಿರ.
ಬಗ್ಗಿ ನೋಡಿದ.
"ಇಲ್ಲಿ ಯಾರೂ ಇಲ್ವಲ್ಲ."

ಲಕ್ಷದ ಮಾತು ಹೇಳಿದೆ. ಅವನಿಗೆ ಅದು ಹೊಸದಲ್ಲ.
ಕೊಳ್ಳುವವರು ಒಂದು ಹಿಡಿ ಗೂಡೆತ್ತಿ ಇಡೀ ಲಾಟಿಗೆ ಬೆಲೆ ಕೂಗುತ್ತಿದ್ದರು ಅಲ್ಲೇ.
ಒಂದನ್ನು ಹೆಕ್ಕಿ ಕಿವಿಯ ಬಳಿ ಅಲ್ಲಾಡಿಸಿದ.
ಗಟಗಟ ಅಂದರೆ ಒಳಗಿನ ಹುಳು ಸರಿಯಿದೆ.
ಸದ್ದಿಲ್ಲದಿದ್ದರೆ ಕೊಳೆತು ಅಂಟಿದೆ.
"ನಿಮ್ಮ ಹನ್ನೊಂದನ್ನ ಹಿಂಗೆ ನೋಡಕಾಗಲ್ವಾ?"
ಆಗಲ್ಲ, ಅಂದೆ. ಯಾರೆಂದು ಗೆರೆಗೆ ಗೊತ್ತಿಲ್ಲ.
ಅವನು ಆ ಗೂಡನ್ನು ವಾಪಸ್ಸು ರಾಶಿಗೆ ಹಾಕಲಿಲ್ಲ,
ಯಾಕೋ ಜೇಬಿಗಿಳಿಸಿದ.

ನಾನು ತಂದ ಮುಖವಾಡ ಟಿವಿಎಸ್ಸಿನ ಹ್ಯಾಂಡಲ್ಲಿಗೆ ನೇತು ಬಿದ್ದಿತ್ತು.
ಮೇಲೂರಿನಲ್ಲಿ ಇವತ್ತು ಎರಡು ಹುಳುಮನೆ.
ಕಿಕ್ಕು ಹೊಡೆಯುವ ಮುಂಚೆ ತಿರುಗಿ,
"ನಲವತ್ತರಲ್ಲಿ ಒಂದು ದಿನ ಬಿಟ್ರೆ?" ಅಂದ.

ನೆಟ್ಟನೆಯ ಗೆರೆಗಿರುವ ಔದಾರ್ಯ ಇದೊಂದೇ:
ಒಂದು ದಿನವೂ ಲೆಕ್ಕಕ್ಕುಂಟು.
ಅಷ್ಟು ಕಮ್ಮಿಯಾಗುತ್ತೆ, ಅಂದೆ.
"ಹಂಗಾದ್ರೆ ಇನ್ನುಮೇಲೆ ಅಮಾಸೆಗೆ ಹೋಗಲ್ಲ."
ಬೆರಳು ಮಡಿಚಿ ಎಣಿಸಿದ.
ಎಣಿಸುತ್ತಲೇ ಇದ್ದ, ನಾನು ಪೆನ್ನು ಮುಚ್ಚುವವರೆಗೂ.