ಅದು ಯಾವೂರಾಗ ನಡೀತಿತ್ತು

ಶಹಾಬಾದಿನ ಸ್ಟೇಷನ್ ರೋಡಿನ್ಯಾಗ ಲಾಡ್ಲೇಸಾಬನ ದುಕಾನು.
ರಿಪೇರಿಗೆ ಬಂದು ಹೊಳ್ಳಿ ಹೋಗದ ಟಿವಿಗಳು
ಒಂದರ ಮ್ಯಾಲ ಒಂದು, ಬೆನ್ನುಬ್ಬಿದ ಮುದುಕರ ಹಂಗ
ಗ್ವಾಡಿಗೆ ಮಾರಿ ಮಾಡಿ ಕುಂತಾವ.
ಕರೆಂಟ್ ಹೋಗಿತ್ತು. ಮಾಡ್ಲಾಕ ಕೆಲಸಿಲ್ಲ.
ಯಾರು ಮೊದಲು ತೆಗೆದ್ರೋ ಈ ಮಾತು:
ರವಿವಾರ ಮುಂಜಾನಿ ಬರ್ತಿತ್ತಲ್ಲ, ಸ್ಟೇಷನ್ ಮಾಸ್ತರಂದು,
ಒಂದು ರೈಲು ಬರೋದು, ಒಂದು ಹೋಗೋದು, ನಡುವೆ ಅಳೋದು,
ಅದು ಯಾವೂರಾಗ ನಡೀತಿತ್ತು?

"ವಾಡಿ," ಅಂದ ರೇವಣಸಿದ್ದಪ್ಪ, ತಂಬಾಕು ತಿಕ್ಕುತ್ತ.
"ಹ್ಯಾಂಗ?"
"ಪ್ಲಾಟ್‌ಫಾರ್ಮಿಗೆ ಹಾಸಿದ ಕಲ್ಲು ನಮ್ದು.
ಮೂವತ್ತು ವರ್ಷ ಖಣಿದಾಗ ಪಾವತಿ ಬರದವ ನಾ,
ನನ್ನ ಕಲ್ಲು ನಂಗ ಗುರ್ತು ಸಿಗಂಗಿಲ್ಲೇನು?"
"ಟಿವಿ ಕಪ್ಪು-ಬಿಳುಪು ಇತ್ತೋ ಕಾಕಾ,
ಎಲ್ಲಾ ಕಲ್ಲೂ ಶಹಾಬಾದಿ ಕಲ್ಲೇ ಅದರಾಗ."
ನಕ್ಕೆವು. ಅವ ನಗಲಿಲ್ಲ.
"ನಮ್ಮ ಕಲ್ಲು ಎಲ್ಲಿ ಹೋಗಿಲ್ಲ ಹೇಳು," ಅಂದ,
"ಮುಂಬೈ ಚಾಳಿನ ಸಂಡಾಸಿನ ತನಕ ಹೋಗ್ಯಾದ."

ಗುರುವಾರ ರಾತ್ರಿಯ ಪೊಲೀಸರ ಕಥಿ ಪುಣೆದಾಗ ನಡೀತಿತ್ತಂತ
ಚಹಾದ ಕಪ್ಪ ಹಿಡಿದು ಆಣಿ ಮಾಡ್ತಾನ ಸಂಜೀವರಾವ.
ಕಳ್ಳ ಓಡಿ ಹೋದ ಗಲ್ಲಿಯಾಗ
ಅವನ ಮಾವನ ಸೈಕಲ್ ನಿಂತಿತ್ತಂತ,
ಹ್ಯಾಂಡಲಿಗೆ ಅದೇ ಗೊಂಡೆ, ಅದೇ ಸೊಟ್ಟ ಬುಟ್ಟಿ.
ಮಾವಗ ಪತ್ರ ಹಾಕಿದ್ದ. ಮಾವ ಹೊಳ್ಳಿ ಬರೆದಿದ್ದ:
ಸೈಕಲ್ ಮಾರಿ ಎರಡು ವರ್ಷ ಆತು,
ನಿಮ್ಮಕ್ಕ ಆರಾಮ.

ನಂಗ ಆಗ ಒಂಬತ್ತು.
ಮಾಳಿಗಿ ಮ್ಯಾಲ ಆಂಟೆನಾ ತಿರುವೋ ಚಾಕರಿ.
ಕೆಳಗಿಂದ ಕೂಗು: ಇನ್ನಾ, ಇನ್ನಾ, ಏ ಸಾಕೋ, ಹೋತು!
ಕಾಗಿಣಾ ಕಡಿ ತಿರುವಿದರ ಕೋರ್ಟು, ಜಡ್ಜು, ಅಳೋ ಸಾಕ್ಷಿ.
ಫ್ಯಾಕ್ಟ್ರಿ ಚಿಮಣಿ ಕಡಿ ತಿರುವಿದರ ಬರೇ ಬಿಳೇ ಇರಿವಿ.
ಹಂಗಾಗಿ ನಾ ತಿಳಕೊಂಡಿದ್ದು ಇಷ್ಟು:
ಎಲ್ಲಾ ಕಥಿ ನದಿ ಆಚಿ ನಡೀತಾವ,
ಈಚಿ ಸಿಮೆಂಟಿನ ಧೂಳು ಬೀಳ್ತದ.
ಒಂದೂ ಪೂರಾ ನೋಡಲಿಲ್ಲ.
ಎಲ್ಲಾ ಮ್ಯಾಲಿಂದ ಹಿಡಿದು ಕೊಟ್ಟೆ.

ಭೀಮಬಾಯಿ ಮಿಕ್ಸರಿನ ಸಲುವಾಗಿ ಬಂದು
ಹೊಸ್ತಿಲಾಗ ಕುಂತು ಆಗಿಂದ ಕೇಳ್ಲತ್ತಿದ್ಲು.
"ಆ ದೊಡ್ಡ ಮನೀದು, ಅತ್ತಿ-ಸೊಸೀದು?" ಅಂದ ಲಾಡ್ಲೇಸಾಬ,
"ಲಖನೌ ಇರಬೇಕು. ಅಲ್ಲೇನಕ್ಕಾ?"

"ಊರು ನಂಗೇನು ಗೊತ್ತೋ ತಮ್ಮಾ.
ಇಂಜಿನಿಯರ್ ಸಾಹೇಬರ ಮನ್ಯಾಗ ರೊಟ್ಟಿ ಬಡೀತಿದ್ದೆ.
ಟಿವಿ ಪಡಸಾಲ್ಯಾಗ, ನಾ ಒಲಿ ಮುಂದ, ನಡುವೆ ಗ್ವಾಡಿ.
ಏಳು ಮೆಟ್ಟಲಿದ್ದವು ಆ ಮನಿಗೆ.
ಸೊಸಿ ಇಳಿದಾಗ ಗೆಜ್ಜಿ ಎಣಿಸ್ತಿದ್ದೆ,
ಒಂದು ಮೆಟ್ಟಲಿಗೆ ಒಂದು ಬಡಿತ.
ನಾಲ್ಕನೇದು ಸಡ್ಲ, ಅಲ್ಲಿ ಬಂದು ತಡೀತಿದ್ಲು.
ಹಿತ್ತಲ ಬಾಗಿಲ ಕಿರ್ ಅಂತಿತ್ತು, ಯಾರೂ ಎಣ್ಣಿ ಬಿಡಲಿಲ್ಲ,
ಅಷ್ಟು ಮಂದಿ ಮನ್ಯಾಗ.
ಅತ್ತಿ ಕೋಲಿ ಎಡಕ್ಕ. ಕೆಮ್ಮು ಆ ಕಡಿಂದ ಬರ್ತಿತ್ತು.
ಕಡೀಗೆ ಒಂದಿನ ಗೆಜ್ಜಿ ಆರಕ್ಕ ನಿಂತು.
ಏಳನೇದು ಬರಲಿಲ್ಲ.
ನನ್ನ ರೊಟ್ಟಿ ಹೊತ್ತಿತು. ಬಾಯಾರು ಬೈದರು.
ಅದೇ ವಾರ ಸಾಹೇಬರಿಗೆ ಬದಲಿ ಆತು,
ಟಿವಿನೂ ಲಾರಿ ಏರಿತು.
ಏನಾತು ಆಕಿಗಿ? ನಿಮಗ ಗೊತ್ತದೇನು?"

ನಾವು ಎಲ್ಲರೂ ನೋಡಿದವರು.
ಅತ್ತಿಯ ಮೂಗುತಿ ನೆನಪದ, ಗಂಡನ ಮೀಸಿ ನೆನಪದ,
ನಡುನಡುವೆ ಬರ್ತಿದ್ದ ಸಾಬಾಣದ ಜಾಹೀರಾತು
ಅಕ್ಷರಕ್ಕಕ್ಷರ ಬಾಯಿಪಾಠ.
ಮೆಟ್ಟಲ ಇದ್ದದ್ದೇ ನೆನಪಿಲ್ಲ.
ಸಂಜೀವರಾವ ಖಾಲಿ ಕಪ್ಪ ಇನ್ನೊಮ್ಮೆ ಕುಡಿದ.

ರೇವಣಸಿದ್ದಪ್ಪ ಎದ್ದು ಹೋಗಿ ತಂಬಾಕು ಉಗುಳಿ ಬಂದ.
ಮೆಲ್ಲಕ ಕೇಳಿದ,
"ಆ ಮೆಟ್ಟಲ... ಕಲ್ಲಿನವೇನಬೇ?"
"ಕಟ್ಟಿಗೀವು," ಅಂದ್ಲು.

ಕರೆಂಟ್ ಬಂತು.
ಲಾಡ್ಲೇಸಾಬ ಮಿಕ್ಸರ್ ಹಚ್ಚಿ ನೋಡಿದ.
ಆ ಗದ್ದಲದಾಗ ಆಕಿ ಮತ್ತೇನೋ ಹೇಳ್ಲತ್ತಿದ್ಲು,
ತುಟಿ ಆಡೋದು ಕಂಡಿತು, ಮಾತು ಕೇಳಲಿಲ್ಲ.
ಅರವತ್ತು, ಅಂದ.
ಐವತ್ತು ಕೊಟ್ಟು ನಡದ್ಲು.